ನೀಲಿ ಏರದ ಗುಳಿಗಳು

ಕುರುಗೋಡಿನ ಹಂಪಕ್ಕ ಮುಖ ಊದಿ ಆಸ್ಪತ್ರೆ ಸೇರಿದ ಮೇಲೆಯೇ ಮಾಲೀಕ ಕೊಟ್ಟೂರಪ್ಪನಿಗೆ ತನ್ನ ಲ್ಯಾಬಿನ ಮೇಲೆ ಅನುಮಾನ ಬಂದದ್ದು. ಆಕೆಯ ಕಿಡ್ನಿಗಳು ಕೈಕೊಟ್ಟಿದ್ದವು. ಹಿಂದಿನ ತಿಂಗಳಷ್ಟೇ ಇದೇ ಲ್ಯಾಬು ‘ನಿನ್ನ ಕಿಡ್ನಿ ಗಟ್ಟಿ ಐತಿ’ ಎಂದು ಹೇಳಿ ಕಳಿಸಿತ್ತು. ಜೀನ್ಸ್ ತೊಳೆಯುವ ಘಟಕದಲ್ಲಿ ದಿನವಿಡೀ ನಿಲ್ಲುವ ಹೆಂಗಸು. ಆ ಮಾತು ನಂಬಿ, ಕಿಡ್ನಿ ಕೆಡಿಸಬಲ್ಲ ಸೊಂಟನೋವಿನ ಮಾತ್ರೆ ನುಂಗುತ್ತಲೇ ಹೋದಳು.

ಫ್ರಿಜ್ಜಿನಲ್ಲಿ ಉಳಿದಿದ್ದ, ಆಕೆಯಂಥ ಹೆಂಗಸರ ಮೂತ್ರದ ಮಾದರಿಗಳನ್ನೆಲ್ಲ ಕೊಟ್ಟೂರಪ್ಪ ಮತ್ತೆ ಪರೀಕ್ಷೆಗೆ ಹಾಕಿಸಿದ. ಕಿಡ್ನಿಗೆ ಪೆಟ್ಟು ಬಿದ್ದರೆ ಮೂತ್ರದಲ್ಲಿ ಒಂದು ಪ್ರೋಟೀನು ಇಳಿಯುತ್ತದೆ. ಆಂಟಿಬಾಡಿ ಅದನ್ನು ಹಿಡಿದರೆ ತಟ್ಟೆಯ ಗುಳಿ ನೀಲಿಯಾಗುತ್ತದೆ. ಸಿರುಗುಪ್ಪದವು, ಕುರುಗೋಡಿನವು— ಒಂದೂ ನೀಲಿ ಏರಲಿಲ್ಲ. ಹಂಪಕ್ಕನ ಗುಳಿಯೂ ತಿಳಿನೀರಿನಂತೆ ಕೂತಿತ್ತು.

ಹಾಗಾಗಿ ಅವನು ಕರೆಸಿದ ಮೇಲೆ ಸಂಘಮಿತ್ರಾ ಕಂಟೋನ್ಮೆಂಟಿನ ಆ ಲ್ಯಾಬಿಗೆ ಬಂದಳು. ಪೊಲೀಸರ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದು, ಈಗ ಖಾಸಗಿಯಾಗಿ ತನಿಖೆ ನಡೆಸುವಾಕೆ. ಹೆದರಿ ಸುಳ್ಳು ಹೇಳುವವರನ್ನು ಕಂಡರೆ ಆಕೆಗೆ ಮರುಕ. ಮೆರೆಯಲು ಸುಳ್ಳು ಹೇಳುವವರನ್ನು ಕಂಡರೆ ಹೇಸಿಗೆ.

ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಕಾಡಸಿದ್ದಪ್ಪ ಕುರ್ಚಿ ಬಿಟ್ಟು ಏಳಲಿಲ್ಲ.

“ತನಿಖಿ ಯಾಕ್ರಿ? ಮಾದರಿ ತರಾಂವ ಮಹಮ್ಮದ್ ಗೌಸ್. ದಾರ್ಯಾಗ ಚೆಲ್ಲಿರಬೇಕು, ನಳದ ನೀರು ತುಂಬ್ಯಾನ. ಇಲ್ಲಾ ಆ ಹೆಣ್ಮಕ್ಕಳ ನೀರು ಹಾಕಿ ಕೊಟ್ಟಾರ. ಅಂಥಾ ಜನಕ್ಕ ಏನು ತಿಳೀತೈತಿ?”

“ನೀವು ನೋಡೀರೇನು?”

“ನೋಡೋದೇನೈತಿ? ನಾ ಹೇಳಾಕತ್ತೀನಲ್ಲ.”

ತಾನು ಹೇಳಿದ್ದೇ ಸಾಕ್ಷಿ ಎಂದುಕೊಂಡ ಮನುಷ್ಯ. ಬೆನ್ನ ಹಿಂದಿನ ಗೋಡೆಯ ತುಂಬ ಶಾಲು ಹೊದ್ದ ಫೋಟೋಗಳು. ಎಲ್ಲದರಲ್ಲೂ ಅದೇ ನಗು, ಬೆಳೆದದ್ದು ಹೊಟ್ಟೆಯೊಂದೇ.

“ಆಂಟಿಬಾಡಿ ಯಾರು ತಂದ್ರು?”

“ನಾನ. ಹೈದರಾಬಾದಿನಿಂದ ಕಾರಿನಾಗ, ಬರ್ಫದ ಡಬ್ಬಿಯೊಳಗ. ನನ್ನ ಕೈಯಾರೆ ಫ್ರಿಜ್ಜಿಗೆ ಇಟ್ಟೀನಿ. ಬ್ಯಾರೆಯವರ ಕೈಗೆ ಕೊಡೂ ವಸ್ತು ಅಲ್ಲದು.”

ಗೌಸ್ ಕೌಲ್ ಬಜಾರಿನವನು. ಬೈಕಿನಲ್ಲಿ ಊರೂರು ತಿರುಗಿ ಮಾದರಿ ತರುವುದು ಅವನ ಕೆಲಸ. ಕೇಳುವ ಮೊದಲೇ ಬೆವರಿದ್ದ.

“ಅಕ್ಕಾ, ಒಂದು ಹನಿನೂ ಚೆಲ್ಲಿಲ್ಲ. ಅಲ್ಲಾನ ಆಣಿ.”

“ಆಣಿ ಬ್ಯಾಡ. ಡಾಕ್ಟರು ಹೈದರಾಬಾದಿನಿಂದ ಬಂದ ದಿನ ನೀ ಎಲ್ಲಿದ್ದಿ?”

“ಸಿರುಗುಪ್ಪದಾಗ. ದಾರ್ಯಾಗ ಅಲ್ಲೇ ಅವರಿಗೆ ಸನ್ಮಾನ ಇತ್ತು. ನನಗ ಕುರ್ಚಿ ಹಾಕಾಕ ಹಚ್ಚಿದ್ರು. ಊಟ, ಭಾಷಣ ಮುಗಿಯೂದರಾಗ ಹೊತ್ತು ಇಳದಿತ್ತು.”

“ಕಾರು?”

“ಬಿಸಿಲಾಗ ನಿಂತಿತ್ತು.”

ಇನ್ನುಳಿದವಳು ಪರೀಕ್ಷೆ ಮಾಡುವ ಜಯಶ್ರೀ.

“ಆಂಟಿಬಾಡಿ ನಿನ್ನ ಕೈಯಾಗ ಕೆಟ್ಟಿರಬಹುದಲ್ಲ?”

“ಕೆಟ್ಟಿದ್ರ ತಾಳೆ ಗುಳಿ ಹೆಂಗ ನೀಲಿ ಆಗತೈತ್ರಿ, ಮೇಡಂ? ಆಂಟಿಬಾಡಿ ಪೆಟ್ಟಿಗಿಯೊಳಗ, ಪರೀಕ್ಷೆ ಸರಿ ಐತೋ ಇಲ್ಲೋ ತಾಳೆ ನೋಡಾಕಂತನ ಪ್ರೋಟೀನು ಕೊಟ್ಟಿರತಾರ. ಪ್ರತಿ ತಟ್ಟಿಯಾಗೂ ಒಂದು ಗುಳಿಗೆ ಹಾಕತೀನಿ. ಒಂದ್ ಸಲನೂ ಅದು ತಪ್ಪಿಲ್ಲ.”

ಸಂಘಮಿತ್ರಾ ಮೊದಲು ಮಾದರಿಗಳಲ್ಲಿ ಯೂರಿಯಾ ನೋಡಿಸಿದಳು. ಎಲ್ಲವೂ ಅಪ್ಪಟ ಮೂತ್ರ, ನೀರಿನ ಬೆರಕೆಯಿಲ್ಲ. ಗೌಸ್ ನಿರಪರಾಧಿ, ಹೆಂಗಸರೂ ನಿರಪರಾಧಿಗಳು. ತಾಳೆ ಗುಳಿ ನೀಲಿಯಾಗುತ್ತಿದೆ— ಜಯಶ್ರೀಯ ಕೈ ಸರಿ, ಆಂಟಿಬಾಡಿಯೂ ಸತ್ತಿಲ್ಲ. ಹಾಗಾದರೆ ಹಂಪಕ್ಕನ ಕಿಡ್ನಿ ಕೆಟ್ಟದ್ದು ಅದಕ್ಕೆ ಯಾಕೆ ಕಾಣಲಿಲ್ಲ? ಆಂಟಿಬಾಡಿಯ ಪುಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು, ಮೇಲಿನ ಲೇಬಲನ್ನು ಉಗುರಿನಿಂದ ಸವರಿದಳು. ಬಾಟಲಿ ಕೆಳಗಿಟ್ಟು ಹೊರಟುಹೋದಳು.

ಮರುದಿನ ಬಂದವಳು ಒಂದು ಸಣ್ಣ ಕೊಳವೆಯನ್ನು ಜಯಶ್ರೀಯ ಕೈಗಿಟ್ಟಳು. “ಇದನ್ನ ಹಾಕು.”

ಎಲ್ಲರೂ ಸುತ್ತ ನಿಂತರು. ಆ ಗುಳಿ ಕಡುನೀಲಿ ಏರಿತು.

ಕೊಟ್ಟೂರಪ್ಪ ತಲೆ ಹಿಡಿದುಕೊಂಡ. “ಯಾರದ್ರಿ ಇದು, ಪಾಪ? ಬದುಕ್ಯಾರೇನು?”

“ಇಲಿದು,” ಎಂದಳು ಸಂಘಮಿತ್ರಾ.

ಯಾರೂ ನಗಲಿಲ್ಲ.

“ಫಾರ್ಮಸಿ ಕಾಲೇಜಿನಾಗ ಔಷಧ ಕೊಟ್ಟು ಕಿಡ್ನಿ ಕೆಡಿಸಿದ ಇಲಿ. ಈ ಆಂಟಿಬಾಡಿ ಇಲಿ ಪ್ರೋಟೀನು ಅಷ್ಟ ಹಿಡೀತೈತಿ, ಮನುಷ್ಯರದು ಇದಕ್ಕ ಕಾಣಂಗಿಲ್ಲ. ಪೆಟ್ಟಿಗಿಯೊಳಗ ಬಂದ ಪ್ರೋಟೀನೂ ಇಲಿದ. ಅದಕ್ಕ ತಾಳೆ ಗುಳಿ ನೀಲಿ ಆಗಾಕತ್ತಿತ್ತು. ಆ ನೀಲಿ ನೋಡಿ ಎಲ್ಲಾರೂ ಸುಮ್ಮನಾದ್ರಿ. ಆ ಪ್ರೋಟೀನು ಯಾವ ಪ್ರಾಣಿದು ಅಂತ ಒಬ್ಬರೂ ಕೇಳಲಿಲ್ಲ.”

“ಆದ್ರ ಲೇಬಲ್ ಮನುಷ್ಯರದು ಅಂತೈತಲ್ಲ?” ಎಂದಳು ಜಯಶ್ರೀ.

“ಅದನ್ನ ಆಮ್ಯಾಲೆ ಹಚ್ಯಾರ, ಕೆಳಗ ಇನ್ನೊಂದು ಲೇಬಲ್ ಉಗುರಿಗೆ ಸಿಗತೈತಿ. ಫ್ರಿಜ್ಜಿನಿಂದ ತೆಗೆದ ಬಾಟ್ಲಿ ತಕ್ಷಣ ಬೆವರತೈತಿ. ಆ ತೇವದ ಮ್ಯಾಲೆ ಕಾಗದ ಹಚ್ಚಿದ್ರ ಸುಕ್ಕು ಬೀಳತೈತಿ. ಇದಕ್ಕ ಒಂದೂ ಸುಕ್ಕಿಲ್ಲ. ಅಂದ್ರ ಹಚ್ಚಿದ್ದು ಒಣಾ ಬಾಟ್ಲಿಗೆ, ಇಲ್ಲಿ ಫ್ರಿಜ್ಜಿಗೆ ಇಡೂಕಿಂತ ಮೊದಲ. ಅಲ್ಲೀತನಕ ಅದು ಯಾರ ಕೈಯಾಗಿತ್ತು?” ಆಕೆ ಕಾಡಸಿದ್ದಪ್ಪನ ಕಡೆ ತಿರುಗಿದಳು. “ಬ್ಯಾರೆಯವರ ಕೈಗೆ ಕೊಟ್ಟಿಲ್ಲಂತ ನೀವ ಹೇಳಿದ್ರಿ. ಆ ಫಾರ್ಮಸಿ ಕಾಲೇಜು ನೀವು ಪಾಠ ಹೇಳಾಕ ಹೋಗೂದು. ಇಲಿ ಆಂಟಿಬಾಡಿ ಪೆಟ್ಟಿಗಿ ನೀವು ಒಯ್ದದ್ದು ಅಲ್ಲಿಯವರಿಗೆ ಚೊಲೋ ನೆನಪೈತಿ.”

ಕಾಡಸಿದ್ದಪ್ಪನ ದನಿ ಕುಗ್ಗಿತು. “ಬರ್ಫ ಕರಗಿ ಬಾಟ್ಲಿ ಕಾದುಬಿಟ್ಟಿದ್ದವು. ಸನ್ಮಾನದಾಗ ಎದ್ದು ಬರಾಕ ಆಗತೈತೇನ್ರಿ? ಕೆಡಿಸ್ದೆ ಅಂದ್ರ ಮಂದಿ ಏನಂತಾರ? ಹೊಸಾದು ತರಿಸೂತನಕ ನಡೀಲಿ ಅಂತ—”

“ತರಿಸಿದ್ರೇನು?”

ತರಿಸಿರಲಿಲ್ಲ. ಸನ್ಮಾನದ ಒಂದು ಪೇಟದ ಆಸೆಗೆ ಆಂಟಿಬಾಡಿಯನ್ನು ಬಿಸಿಲಲ್ಲಿ ಬೇಯಿಸಿದ. ಮುಖ ಉಳಿಸಿಕೊಳ್ಳಲು ಎರಡು ಊರಿನ ಹೆಂಗಸರಿಗೆ ಇಲಿಯ ಪರೀಕ್ಷೆ ಮಾಡಿಸಿದ. ಕೊನೆಗೆ ಅವರೇ ನೀರು ಬೆರೆಸಿದರು ಎಂದ. ಕಳ್ಳನಿಗಾದರೂ ಒಂದು ಕಸುಬು ಗೊತ್ತಿರುತ್ತದೆ, ಎಂದುಕೊಂಡಳು ಸಂಘಮಿತ್ರಾ.

“ಪೊಲೀಸರಿಗೆ ಕೊಟ್ಟೂರಪ್ಪನವರು ಹೇಳತಾರ. ಅದಕ್ಕೂ ಮೊದಲು ಕುರುಗೋಡಿಗೆ ಹೋಗೂಣು. ನಿಮ್ಮ ಬಾಯಿಂದನ ಹೇಳ್ರಿ.”

“ಆ ಹೆಣ್ಮಕ್ಕಳ ಮುಂದ, ನಾನು?”

“ಹೌದು, ನೀವ.”

ಹಂಪಕ್ಕನ ಅತ್ತೆ ಈರಮ್ಮನ ಮನೆಯ ಮುಂದೆ ಹೆಂಗಸರು ಸೇರಿದರು. ಕಾಡಸಿದ್ದಪ್ಪ ಅರ್ಧ ಇಂಗ್ಲಿಷಿನಲ್ಲಿ ತೊದಲಿದ. ಸಂಘಮಿತ್ರಾ ತಡೆದಳು: “ಕನ್ನಡದಾಗ, ಗಟ್ಟಿಯಾಗಿ.” ಎರಡನೇ ಸಲ ಅವನು ಎಲ್ಲವನ್ನೂ ಹೇಳಿದ.

ಈರಮ್ಮ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಬೈಯಲಿಲ್ಲ. ಹೆಂಗಸರತ್ತ ತಿರುಗಿ, “ಇವತ್ತಿಂದ ಯಾರೂ ನೋವಿನ ಮಾತ್ರಿ ನುಂಗಬ್ಯಾಡ್ರಿ,” ಎಂದಳು. ಆಮೇಲೆ ಗೌಸ್‌ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. “ಹೊಸಾ ಪರೀಕ್ಷೆಗೆ ಯಾವತ್ತು ಬರತೀಯಪ್ಪಾ?”

ಗೌಸ್ ಹೇಳತೊಡಗಿದ. ಹೆಂಗಸರು ಅವನ ಸುತ್ತ ಕೂತರು. ಡಾಕ್ಟರು ಅಂಗಳದ ನಡುವೆ ಇನ್ನೂ ನಿಂತೇ ಇದ್ದ. ಹೋಗು ಎಂದೂ ಅವನಿಗೆ ಯಾರೂ ಹೇಳಲಿಲ್ಲ.