ಹೊರ ಹಾದಿಯ ಗೀರು

1953ರ ಜನವರಿ. ಆಲ್ಮಾ-ಆತಾ ನಗರದ ಮೇಲಿನ ಬೆಟ್ಟದಲ್ಲಿ ನಮ್ಮ ಮಂಜುಗಡ್ಡೆಯ ಸ್ಕೇಟಿಂಗ್ ಅಂಕಣವಿತ್ತು. ವಿಶ್ವದಾಖಲೆಗಳು ವಾರಕ್ಕೊಂದರಂತೆ ಉರುಳುತ್ತಿದ್ದ ಕಾಲ ಅದು. ನಾನು, ತೊಖ್ತಾರ್ ಇಬ್ಬರೂ ಸಮಯ ಅಳೆಯುವವರು. ಗಡಿಯಾರ ಒತ್ತುವ ಅವನ ಬೆರಳಿನ ಮೇಲೆ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ.

ಆ ಬೆಳಿಗ್ಗೆ ಕುಲ್ಯಾಶ್ ಒಬ್ಬಳೇ ಐನೂರು ಮೀಟರ್ ಓಡಬೇಕಿತ್ತು. ತಂಡ ಸೇರಲು ಅವಳಿಗಿದ್ದ ಕೊನೆಯ ಅವಕಾಶ. ಆಚೆ ತಿರುವು ಮಂಜಿನಲ್ಲಿ ಮುಚ್ಚಿಹೋಗಿತ್ತು. ಅಲ್ಲಿ ಸ್ಕೇಟಿನ ಸರಕ್ ಸರಕ್ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಕಪ್ಪು ಆಕಾರವೊಂದು ಮುಕ್ತಾಯದ ಗೆರೆ ದಾಟಿತು. ಅದರ ಹಿಂದೆ ಬೀಸಿದ ಗಾಳಿ ಬೆಚ್ಚಗಿತ್ತು. ಇಬ್ಬರೂ ಗಡಿಯಾರ ಒತ್ತಿದೆವು. ಎರಡರಲ್ಲೂ ನಲವತ್ತೊಂಬತ್ತು ಸೆಕೆಂಡು.

ಆಗ ಆಚೆ ತಿರುವಿನಿಂದ ಕುಲ್ಯಾಶ್ ಕೂಗಿದಳು: "ಅಗಾ, ಬಿದ್ದುಬಿಟ್ಟೆ! ಕಾಲು ಉಳುಕಿದೆ, ಬನ್ನಿ!"

ತರಬೇತುದಾರ ಓಸ್ಪಾನ್ ನಮಗೆಲ್ಲ ಅಗಾ, ಅಂದರೆ ಅಣ್ಣ. ಅವರು ನಮ್ಮತ್ತ ತಿರುಗಿದರು. "ಬಿದ್ದೋಳಿಗೂ ಟೈಮ್ ಕೊಟ್ರೇನ್ರೋ? ಎಷ್ಟು ದಿನದಿಂದ ನಡೀತಿದೆ ಈ ಆಟ?"

"ನಾನಲ್ಲ ಅಗಾ, ಇವನನ್ನ ಕೇಳಿ," ಎಂದ ತೊಖ್ತಾರ್. ತನ್ನ ಗಡಿಯಾರವನ್ನು ಅವರ ಕಣ್ಣೆದುರು ಹಿಡಿದ. ಅವನು ನಟಿಸುತ್ತಿದ್ದಾನೆ ಅಂತಲೇ ಅಂದುಕೊಂಡೆ.

ಹತ್ತಿರ ಹೋದರೆ ಕುಲ್ಯಾಶ್ ಜಗಳಕ್ಕೇ ನಿಂತಳು. "ಒಬ್ಬಳೇ ಓಡು ಅಂದ್ರಿ. ಮತ್ತೆ ನನ್ನ ಹಿಂದೆ ಇನ್ನೊಬ್ಬಳನ್ನ ಯಾಕೆ ಬಿಟ್ರಿ?"

ಅವಳು ಬಿದ್ದ ಜಾಗದಿಂದ ಹೊರ ಹಾದಿಯಲ್ಲಿ ಗೆರೆಯವರೆಗೂ ಸ್ಕೇಟಿನ ಹೊಸ ಗೀರುಗಳಿದ್ದವು. ಗೆರೆಯಾಚೆ ಒಂದು ಗೀರೂ ಇಲ್ಲದೆ ಮಂಜುಗಡ್ಡೆ ಕನ್ನಡಿಯಂತೆ ನುಣ್ಣಗಿತ್ತು.

ಸಂಜೆಯೇ ನೀರು ಹಾಯಿಸಿ ಹೊಸ ಪದರ ಕಟ್ಟಿಸಿದೆವು. ಆಮೇಲೂ ನಾಲ್ಕು ಸಲ ಕಟ್ಟಿಸಿದೆವು. ಮಾರ್ಚ್‌ನಲ್ಲಿ ಮಂಜುಗಡ್ಡೆ ಕರಗುವವರೆಗೂ ಪ್ರತಿ ಸಲವೂ ಆ ಗೀರುಗಳು ಹೊಸ ಮೇಲ್ಪದರದಲ್ಲೇ ಇದ್ದವು.