ಅಂಚಿನ ಸಾಲಿನ ಹಣ್ಣು

"ಕದಿಯೋರು ಮರೆಯಲ್ಲಾದ್ರೂ ನಿಂತು ಕದೀಬಾರದೇನ್ರೀ?"

ನನ್ನವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಹಣ್ಣಿನ ಸಂಶೋಧನಾ ತೋಟಕ್ಕೆ ಕೊಯ್ದ ಹಣ್ಣು ತೂಗುವ ಕೆಲಸಕ್ಕೆಂದು ಅಂದೇ ಬಂದಿದ್ದಳು. ನಾನು ಅಲ್ಲಿ ಗೊಬ್ಬರದ ಪ್ರಯೋಗ ನೋಡಿಕೊಳ್ಳುವವನು. ಸೀಬೆ ಗಿಡದ ಕೆಳಗೆ, ಬಾಯಿ ತುಂಬ ಹಣ್ಣಿಟ್ಟುಕೊಂಡು ಸಿಕ್ಕಿಬಿದ್ದಿದ್ದೆ.

ಹೇಗೋ ನುಂಗಿ ಹೇಳಿದೆ. "ಇದು ಅಂಚಿನ ಸಾಲು ಮೇಡಂ. ಒಂದು ಪಕ್ಕ ನೆರೆಯ ಗಿಡವಿಲ್ಲ. ಬಿಸಿಲು, ಗೊಬ್ಬರ ಎರಡೂ ಇದಕ್ಕೆ ಹೆಚ್ಚು ಸಿಗುತ್ತೆ. ಇದನ್ನೂ ತೂಗಿದರೆ ಪ್ರಯೋಗದ ಲೆಕ್ಕ ಕೆಡುತ್ತೆ. ಒಳಗಿನ ಸಾಲುಗಳದ್ದು ಮಾತ್ರ ತೂಗೋದು."

"ಮತ್ತೆ ಈ ಹಣ್ಣು ಯಾರಿಗೆ?"

"ದೇವರು ಯಾರಿಗೆ ಕೊಟ್ಟರೆ ಅವರಿಗೆ."

ಕೈ ಚಾಚಿದಳು. "ಹಾಗಾದ್ರೆ ದೇವರ ಹೆಸರಲ್ಲಿ ನನಗೂ ಒಂದು."

ಅಂದಿನಿಂದ ತೂಕ ಮುಗಿದ ಮೇಲೆ ನಮ್ಮಿಬ್ಬರ ಜಾಗ ಅದೇ. ಗಿಡ ಒತ್ತಾಗಿ ನೆಟ್ಟರೆ ಹಣ್ಣು ಬಹಳ, ಆದರೆ ಚಿಕ್ಕವು. ದೂರ ನೆಟ್ಟರೆ ಹಣ್ಣು ದಪ್ಪ, ಆದರೆ ತೋಟದ ಒಟ್ಟು ಇಳುವರಿ ಕಡಿಮೆ ಎಂದು ನಾನು ವಿವರಿಸುತ್ತಿದ್ದೆ. ಅವಳು ಬೀಜ ಅಗಿಯುತ್ತ ಓರೆಗಣ್ಣಿನಲ್ಲಿ ನೋಡುವಳು. ನನ್ನ ವಾಕ್ಯ ಅರ್ಧಕ್ಕೇ ನಿಲ್ಲುವುದು.

"ಅತಿಯಾಗಿ ಗೊಬ್ಬರ ತಿಂದ ಆ ಸಾಲು ನೋಡಿದ್ರಾ?" ಎಂದಳು ಒಮ್ಮೆ. "ಬರೀ ಎಲೆ. ಹಣ್ಣು ಹುಡುಕಬೇಕು. ಥೇಟ್ ನಿಮ್ಮ ಹಾಗೆ."

"ನನ್ನ ಹಾಗಾ?"

"ಮಾತು ಬೇಕಾದಷ್ಟು. ಹೇಳಬೇಕಾದ್ದು ಮಾತ್ರ ಬಾಯಿಗೆ ಬರಲ್ಲ."

ಕೊಯ್ಲು ಮುಗಿದರೆ ಅವಳು ಕೆಲಸ ಮುಗಿಸಿ ಬೇರೆ ಊರಿಗೆ ಹೋಗುವವಳು. ಅದು ಗೊತ್ತಿದ್ದೂ ಮತ್ತೆ ಗೊಬ್ಬರದ ಮಾತಿಗೇ ಹೊರಳಿದೆ.

ಕೊನೆಯ ತೂಕದ ದಿನ ಅಂಚಿನ ಸಾಲು ಬರಿದಾಗಿತ್ತು. ಅಲ್ಲಿ ಕೂರಲು ಇನ್ನು ನೆಪವೂ ಇಲ್ಲ. ತಿರುಗಿ ಹೊರಟಾಗ ಕೊಂಬೆಯ ಮರೆಯಲ್ಲಿ ನೀಲಿ ಕರವಸ್ತ್ರದ ಗಂಟೊಂದು ಕಂಡಿತು. ಒಳಗೆ, ಹಕ್ಕಿಗೆ ಕಾಣದಂತೆ ಕಟ್ಟಿಟ್ಟ ಒಂದೇ ಒಂದು ಹಣ್ಣು.

"ವಾರದಿಂದ ಕಾದಿಟ್ಟಿದ್ದೀನಿ." ಹಿಂದಿನಿಂದ ಅವಳ ದನಿ. "ಇದನ್ನು ತಿನ್ನೋದರೊಳಗೆ ಹೇಳ್ತೀರೋ, ಇಲ್ಲ ಮತ್ತೆ ಗೊಬ್ಬರದ ವಿಷಯ ಶುರುಮಾಡ್ತೀರೋ?"

"ಹೋಗಬೇಡ," ಎಂದೆ. ಬಹುವಚನವೂ ಮರೆತುಹೋಗಿತ್ತು.

ಅವಳು ನಕ್ಕು ಹಣ್ಣನ್ನು ಮುರಿದು, ದೊಡ್ಡ ಹೋಳು ನನಗೆ ಕೊಟ್ಟಳು.

ಮದುವೆಯಾದ ಮೇಲೆ ಪ್ರತಿ ವರ್ಷವೂ ನಮ್ಮ ಹಿತ್ತಲಿನ ಬೇಲಿಯಂಚಿನ ಸೀಬೆ ಗಿಡದಲ್ಲಿ ಒಂದು ಕಾಯಿಗೆ ಕರವಸ್ತ್ರ ಕಟ್ಟುತ್ತಿದ್ದಳು. ನಾನು ಹುಡುಕಬೇಕು. ಈ ವರ್ಷ ಅವಳಿಲ್ಲ. ನಾನು ಆ ಕಡೆ ಹೋಗಲೇ ಇಲ್ಲ.

ನಿನ್ನೆ ಮಗಳು ಹಿತ್ತಲಿನಿಂದ ಕೂಗಿದಳು. "ಅಪ್ಪಾ, ಇಲ್ಲೇನೋ ಬಟ್ಟೆ ಕಟ್ಟಿದೆ!"

ನನ್ನವಳು ಹಾಸಿಗೆ ಹಿಡಿಯುವ ಮುನ್ನ, ಕಾಯಿ ಇನ್ನೂ ಎಳಸಾಗಿದ್ದಾಗಲೇ ಕಟ್ಟಿದ್ದಾಳೆ. ಕಾಯಿ ಬೆಳೆಯಲೆಂದು ಸಡಿಲವಾಗಿ.

ಗಂಟು ಬಿಚ್ಚಿ ಹಣ್ಣು ಮುರಿದೆ. ದೊಡ್ಡ ಹೋಳನ್ನು ದೇವರ ಮುಂದಿಟ್ಟು ಕೈಮುಗಿದೆ.

"ಇದು ಅವಳಿಗೆ ಮುಟ್ಟಿಸಪ್ಪಾ."