ಗಾಜಿನ ಪೆಟ್ಟಿಗೆಯಲ್ಲಿ ತಮ್ಮ

ಎರಡನೇ ನೀರುದೋಸೆ ಅರ್ಧವಾಗುವಾಗ ವೆನಿಶಾಳ ಕೈ ನಿಂತಿತು.

"ಎಂತಾಯ್ತು ಮಗಾ, ಖಾರವಾ?" ಪಕ್ಕದ ಮನೆಯ ಜಯಲತಾ ಆಂಟಿ ಕೇಳಿದರು.

ಖಾರವಲ್ಲ, ಕೋಳಿ ಸುಕ್ಕ. ಶಾಲೆಯಿಂದ ಹಸಿದು ಬಂದವಳು ಬಟ್ಟಲು ನೋಡದೆ ತಿಂದುಬಿಟ್ಟಿದ್ದಳು. ಈಸ್ಟರ್ ಬರುವವರೆಗೆ ಮಾಂಸ ಮುಟ್ಟುವುದಿಲ್ಲ ಎಂದು ಯೇಸುವಿಗೆ ಕೊಟ್ಟ ಮಾತು ನೆನಪಾದಾಗ ತುತ್ತು ಗಂಟಲಿಳಿದಾಗಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವಳ ಮನೆಯಲ್ಲಿ ಎಲ್ಲರೂ ಏನಾದರೊಂದನ್ನು ಬಿಡುತ್ತಾರೆ. ಪ್ರತಿ ವರ್ಷ ವೆನಿಶಾ ಬಿಡುತ್ತಿದ್ದುದು ಚಾಕಲೇಟ್. ಆದರೆ ಈ ಸಲ ತಮ್ಮ ಹುಟ್ಟಿದ, ಒಂಬತ್ತು ತಿಂಗಳು ತುಂಬುವ ಮೊದಲೇ. ಆಸ್ಪತ್ರೆಯವರು ಅವನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮಮ್ಮಿಯೂ ಅಲ್ಲೇ ಉಳಿದಳು. ಅಂದೇ ವೆನಿಶಾ ಯಾರಿಗೂ ಹೇಳದೆ ಒಪ್ಪಂದ ಮಾಡಿಕೊಂಡಳು: ನಾನು ಮಾಂಸ ಬಿಡುತ್ತೇನೆ, ನೀನು ತಮ್ಮನ ಕೈ ಬಿಡಬೇಡ.

ಅವಳು ಓಡಿಹೋಗಿ ಬೇಸಿನ್ನಿನಲ್ಲಿ ಬಾಯಿ ಮುಕ್ಕಳಿಸಿದಳು. ಆಂಟಿಯ ಮಗ ಸಮಿತ್ ಹಿಂದೆಯೇ ಬಂದ. ಇಬ್ಬರೂ ಒಂದೇ ಕ್ಲಾಸು, ಐರೋಲಿಯ ಒಂದೇ ಬಿಲ್ಡಿಂಗು. ಅವನಿಗೆ ಎಲ್ಲ ಹೇಳಿದಳು.

"ಮೊನ್ನೆ ಮೀನು ತಿಂದಿಯಲ್ಲ?"

"ಮೀನು ನಡೀತದೆ."

"ಯಾಕೆ, ಮೀನಿಗೆ ಜೀವ ಇಲ್ವಾ?"

"ನಂಗೊತ್ತಿಲ್ಲ. ನಡೀತದೆ."

"ಹಾಗಾದ್ರೆ ಬ್ರಷ್ ಮಾಡು. ಸ್ಮೆಲ್ ಹೋದ್ರೆ ಆಯ್ತು. ನಿಮ್ಮ ದೇವರು ಟ್ರೇನಿನ ಟಿಸಿ ಅಲ್ಲ ಯಾರ್, ಹಿಡಿದು ಫೈನ್ ಹಾಕ್ಲಿಕ್ಕೆ."

ಅಷ್ಟರಲ್ಲಿ ಆಂಟಿಯ ಫೋನು ರಿಂಗಾಯಿತು. ಅವರು ಅಡುಗೆಮನೆಯ ಮೂಲೆಗೆ ಹೋಗಿ ಮೆಲ್ಲಗೆ ಮಾತಾಡಿದರು. ಹೊರಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ.

"ಮಗಾ, ಚಪ್ಪಲಿ ಹಾಕು. ಆಸ್ಪತ್ರೆಯಿಂದ ಡ್ಯಾಡಿ ಕರೀತಿದ್ದಾರೆ."

ಆಂಟಿಯ ಜೊತೆ ಹತ್ತಿದ ರಿಕ್ಷಾ ತುರ್ಭೆಯ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡಿತು. ಅಜ್ಜಿಯ ಕತೆಗಳಲ್ಲಿ ಮಾತು ಮುರಿದವರು ಕಲ್ಲಾಗುತ್ತಿದ್ದರು. ವೆನಿಶಾ ಬೆರಳು ಮಡಚಿ ನೋಡಿದಳು. ಮಡಚಲು ಬಂತು. ಹಾಗಾದರೆ ಶಿಕ್ಷೆ ತಮ್ಮನಿಗಾ?

ನಾಳೆಯಿಂದ ಮೀನನ್ನೂ ಬಿಡುತ್ತೇನೆ, ದೋಸೆಯನ್ನೂ ಬಿಡುತ್ತೇನೆ ಎಂದು ಕಣ್ಣು ಮುಚ್ಚಿ ಶುರು ಮಾಡಿದಳು. ಅರ್ಧಕ್ಕೇ ನಿಲ್ಲಿಸಿದಳು. ಒಮ್ಮೆ ಮಾತು ತಪ್ಪಿದವಳನ್ನು ಯಾರು ನಂಬುತ್ತಾರೆ?

ಆಸ್ಪತ್ರೆಯಲ್ಲಿ ಡ್ಯಾಡಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ವೆನಿಶಾ ಎಲ್ಲ ಹೇಳಿಬಿಟ್ಟಳು. ಮಾಂಸ, ಒಪ್ಪಂದ, ಒಂದೂವರೆ ದೋಸೆ.

"ನನ್ನಿಂದಾಗಿ ಡ್ಯಾಡಿ."

ಡ್ಯಾಡಿ ಅವಳನ್ನು ಹತ್ತಿರ ಎಳೆದುಕೊಂಡರು.

"ಅವನಿಗೆ ಉಸಿರಿನ ತೊಂದ್ರೆ ಆದದ್ದು ಬೆಳಿಗ್ಗೆ, ಮಗಾ. ನೀನು ಸ್ಕೂಲಲ್ಲಿದ್ದೆ. ಈಗ ಮಷೀನ್ ಹಾಕಿದ್ದಾರೆ. ಮಮ್ಮಿಗೆ ನಿನ್ನನ್ನು ನೋಡ್ಬೇಕಂತೆ, ಅದಕ್ಕೆ ಕರೆಸಿದೆ."

ಬೆಳಿಗ್ಗೆ. ಬೆಳಿಗ್ಗೆ ವೆನಿಶಾ ಮಾತು ಮುರಿದಿರಲಿಲ್ಲ. ಕ್ಲಾಸಿನ ಸೋನಾಲಿ ತನ್ನ ಡಬ್ಬಿಯ ಚಿಕನ್ ನಗೆಟ್ಸ್ ಮೂಗಿನ ಹತ್ತಿರ ಹಿಡಿದಾಗಲೂ ಬೇಡ ಎಂದಿದ್ದಳು.

"ಹಾಗಾದ್ರೆ ಯೇಸು ಲೆಕ್ಕ ಇಡ್ಲೇ ಇಲ್ವಾ?"

ಡ್ಯಾಡಿ ಬೆಂಚಿನ ಕೆಳಗಿದ್ದ ಖಾಲಿ ಚಾ ಕಪ್ಪುಗಳನ್ನು ನೋಡಿದರು.

"ನಂಗೆ ಗೊತ್ತಿಲ್ಲ. ನಾನು ಚಾ ಬಿಟ್ಟಿದ್ದೆ. ಇಲ್ಲಿ ಕೂತು ಕೂತು ನಾಲ್ಕು ಸಲ ಕುಡಿದೆ."

"ಮತ್ತೆ ಪ್ರಾರ್ಥನೆ?"

"ಅದನ್ನು ಬಿಡ್ಲಿಲ್ಲ."

ನರ್ಸ್ ಬಂದು ಅವಳನ್ನು ಕಿಟಕಿಯವರೆಗೆ ಕರೆದೊಯ್ದಳು. ಕಿಟಕಿಯಾಚೆ ಗಾಲಿಕುರ್ಚಿಯಲ್ಲಿ ಮಮ್ಮಿ, ಅವಳ ಪಕ್ಕದಲ್ಲಿ ಗಾಜಿನ ಪೆಟ್ಟಿಗೆ. ಮಮ್ಮಿ ಕೈ ಎತ್ತಿದಳು. ತಮ್ಮನ ಮೂಗಿಗೆ ನಳಿಗೆ ಅಂಟಿಸಿದ್ದರು. ಎದೆ ಗುಬ್ಬಿಯ ಎದೆಯಷ್ಟೇ ಇತ್ತು.

ವೆನಿಶಾ ಕೈ ಜೋಡಿಸಿದಳು. ಏನು ಬಿಡುತ್ತೇನೆಂದು ಹೇಳಲಿ ಎಂದು ಯೋಚಿಸಿದಳು. ಯಾವುದೂ ತೋಚಲಿಲ್ಲ. ತೋಚಬೇಕೆಂದೂ ಅನಿಸಲಿಲ್ಲ.

"ಸ್ವಾಮಿ, ಇವನು ನನ್ನ ತಮ್ಮ," ಎಂದಳು. ಅಷ್ಟೇ.

ಪುಟ್ಟ ಎದೆ ಏರಿತು, ಇಳಿಯಿತು. ಅದು ಮತ್ತೆ ಏರುವವರೆಗೆ ಅವಳೂ ಉಸಿರು ಹಿಡಿದು ನಿಂತಳು.